ಬ್ಯಾಂಡ್ ತೆಗೆದ ಮೇಲೆ

ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸಿಗೆ ಕಾಯುತ್ತ ಕೂತಿದ್ದ ಶೈಲಜಾಳ ಕಿವಿ, ಪಕ್ಕದ ಇಬ್ಬರು ಮದುವೆ ವಿಡಿಯೋದವರ ಮಾತಿಗೆ ಅಂಟಿಕೊಂಡಿತು.

“ಎಡಿಟಿಂಗಿಗೆ ಸಾಫ್ಟ್‌ವೇರಿನ ಹಳೇ ವರ್ಷನ್ನೇ ಸಾಕು ಅಂತಿದ್ರಲ್ಲ ಮೂಕಣ್ಣ, ಇದನ್ನ ಕೇಳ್ರಿ!”

“ಮಲಪನಗುಡಿ ಮದುವಿ ಅಲ್ಲೇನು? ಅದರಾಗ ಬ್ಯಾಂಡ್ ಬಿಟ್ರ ಏನೂ ಕೇಳಂಗಿಲ್ಲಲೇ ಜಂಬುನಾಥ.”

“ಹೊಸ ವರ್ಷನ್ ಬ್ಯಾಂಡೆಲ್ಲ ತೆಗೆದು ಬರೇ ಮಾತು ಉಳಿಸತೈತ್ರಿ. ಇಯರ್‌ಫೋನ್ ಹಾಕ್ಕೊಳ್ರಿ.”

“ಅಬ್ಬಾ, ಮಸ್ತ್ ಐತಲೇ! ಇದು ಹುಡುಗಿ ಸೋದರತ್ತಿ ದನಿ ಅಲ್ಲೇನು?”

“ಹೌದ್ರಿ! ಎಷ್ಟು ಸ್ವಚ್ಛ ಕೇಳತೈತಿ ನೋಡ್ರಿ!”

“ತಡಿಲೇ... ಬೀಗರ ಜನ್ಮ ಜಾಲಾಡಾಕತ್ತಾಳಲ್ಲೋ!”

“ಅಯ್ಯೋ, ಈಗ ಬೀಗರ ಮನಿಗೇ ಕೊಡಾಕ ಹೊಂಟೀವಲ್ರಿ!”

“ಅವರಿಗೆ ಹಳೇ ವರ್ಷನ್ನಿಂದೇ ಕೊಡು ಮಾರಾಯ!”

ಬಸ್ಸು ಬಂತು. ಇಬ್ಬರೂ ನಗುತ್ತ ಓಡಿ ಹತ್ತಿದರು. ಶೈಲಜಾ ಮಾತ್ರ ಕೂತೇ ಇದ್ದಳು. ತಂಗಿಯ ಮದುವೆಯಲ್ಲಿ ಬ್ಯಾಂಡಿನ ಪಕ್ಕ ನಿಂತು ತಾನು ಯಾರ್‍ಯಾರಿಗೆ ಏನೇನು ಅಂದಿದ್ದೆ ಎಂದು ನೆನಪಿಸಿಕೊಳ್ಳುವುದರಲ್ಲಿ, ಬಸ್ಸು ಹೋಗೇ ಬಿಟ್ಟಿತು.