ಮುಚ್ಚಿಕೊಂಡ ತೂತು

“ಹೃದಯಾನ ಫ್ರೀಜರ್‌ನಿಂದ ಹೊರಗಿಡು ಅಂತ ನಿನಗೆ ಹೇಳಿದೋರು ಯಾರೋ?”

ಪಶು ಆಸ್ಪತ್ರೆಯ ಬೆಂಚಿನ ಮೇಲೆ ನಾಯಿ ಹಿಡಿದು ಕೂತಿದ್ದೆ. ಕೂಗಿದವಳು, ಸತ್ತ ಪ್ರಾಣಿಗಳ ಅಂಗಗಳು ಕೊಳೆಯದಂತೆ ಅವಕ್ಕೆ ಪ್ಲಾಸ್ಟಿಕ್ ತುಂಬುವ ಪಕ್ಕದ ಕೋಣೆಯ ಹಿರಿಯ ಹೆಂಗಸು. ಎದುರಿಗೆ ಅವಳ ಜೊತೆ ಕೆಲಸ ಮಾಡುವ ನಡುವಯಸ್ಸಿನವನು.

“ಚಳೀಲಿ ಅಸಿಟೋನ್ ನೀರು ಎಳೆಯೋದು ನಿಧಾನ ಅಕ್ಕಾ. ಬೆಚ್ಚಗಿದ್ರೆ ಮಾಂಸ ಬೇಗ ನೀರು ಬಿಡುತ್ತೆ ಅಂದ್ಕೊಂಡೆ.”

“ಬಿಡ್ತಲ್ಲ! ಮಾಂಸಾನೂ ಮುದುಡ್ಕೊಂಡು ಕೂತಿದೆ. ಮೈನಸ್ ಇಪ್ಪತ್ತೈದರಲ್ಲಿ ಇದ್ದಿದ್ರೆ ಆಕಾರ ಹಾಗೇ ಉಳೀತಿತ್ತು.”

“ಇನ್ನೊಂದು ಕರುವಿನ ಹೃದಯ ತರೋಣ ಬಿಡಿ.”

“ಹುಟ್ತಾನೇ ತೂತಿರೋ ಹೃದಯ ಅಂಗಡೀಲಿ ಮಾರ್ತಾರಾ? ಓದೋ ಹುಡುಗರು ಬೆರಳಿಟ್ಟು ನೋಡ್ಲಿ ಅಂತ ಹತ್ತು ವರ್ಷ ಕಾದಿದ್ದೆ.”

“ತೂತು ಇರುತ್ತಲ್ಲ ಅಕ್ಕಾ?”

“ಮುಚ್ಕೊಂಡಿದೆ. ಕರು ಬದುಕಿದ್ದಾಗ ಮುಚ್ಕೊಂಡಿದ್ರೆ ಅದಾದ್ರೂ ಉಳೀತಿತ್ತು.”

ನಾನಾಗಿದ್ದರೆ ಕಪಾಳಕ್ಕೆ ಬಿಡುತ್ತಿದ್ದೆ. ಅವಳು ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡಳು.

“ಸಾಹೇಬ್ರಿಗೆ ನಾನೇ ಹೇಳಿ ಬರ್ತೀನಿ ಅಕ್ಕಾ.”

“ಹೋಗು. ಬೈದ್ರೆ ನನ್ನ ಕರಿ, ಬರ್ತೀನಿ.”

ಸಾಹೇಬರ ಕೋಣೆ ಮಹಡಿಯ ಮೇಲಿತ್ತು. ಅವನು ಮೆಟ್ಟಿಲು ಹತ್ತದೆ ಸೀದಾ ಗೇಟಿನಿಂದ ಹೊರಗೆ ನಡೆದ. ನಾಯಿಗೆ ಚುಚ್ಚುಮದ್ದು ಹಾಕಿಸಿಕೊಂಡು ನಾನು ಹೊರಬಂದಾಗಲೂ ಅವಳು ಮಹಡಿಯ ಕಡೆಗೇ ಕಿವಿಯಿಟ್ಟು ನಿಂತಿದ್ದಳು.