ಗಡಿಕಲ್ಲು ತೋರಿಸಿದವನು

ಅಯ್ಯೋ, ಹಂಗೆ ಬೆಚ್ಚಿ ಬೀಳ್ಬೇಡ ಕಣ್ಲಾ! ನಾನು, ಸೀನು. ಬಾಗಿಲು ತಳ್ಳಿದ್ದಕ್ಕೇ ಗೋಡೆಗೆ ಅಂಟ್ಕೊಂಡ್ಯಲ್ಲ ಚಿಕ್ಕಬೈರ! ಕೂತ್ಕೊ, ಕೂತ್ಕೊ. ಹದಿನಾಕು ತಿಂಗಳಾದ್ಮೇಲೆ ನಿನ್ನ ಜಗಲಿ ಹತ್ತಿದೀನಿ, ಬಾ ಅನ್ನಲ್ವಾ?... ಸರಿ ಬಿಡು, ಸಿಟ್ಟಿರ್ತದೆ.

ಕೇಳು, ಒಳ್ಳೆ ಸುದ್ದಿ. ಸಂಜೆ ಅರಳಿಕಟ್ಟೆ ಹತ್ರ ಊರು ಸೇರ್ತದೆ. ನೀನು ಎಲೆ-ಅಡಿಕೆ ಮುಂದಿಟ್ಟು "ತಪ್ಪಾಯ್ತು" ಅಂದ್ಬಿಟ್ರೆ ಬಹಿಷ್ಕಾರ ತೆಗೀತಾರೆ. ಊರಬಾವೀಲಿ ನೀರು ಸೇದ್ಬೋದು, ಯಾರ ಜೊತೆ ಬೇಕಾದ್ರೂ ಮಾತಾಡ್ಬೋದು. ತವರಿಗೆ ಹೋಗಿರೋ ನಿನ್ನ ಹೆಂಡ್ತಿ ಸೊಣ್ಣಮ್ಮ ಮಕ್ಕಳ್ನ ಕರ್ಕೊಂಡು ನಾಳೇನೇ ಬರ್ತಾಳೆ. ಒಂದೇ ಮಾತು ಕಣ್ಲಾ! ಎಲ್ಲಿ, ಅನ್ನು ನೋಡಾನ... ತಪ್ಪಾ... ಯಾಕ್ಲಾ ನನ್ನ ಬಾಯನ್ನೇ ನೋಡ್ತೀಯ?

ಸೊಣ್ಣಮ್ಮ ಹೇಳಿದ್ಲು... ಮೊದಮೊದಲು ದನಗಳ ಜೊತೆ ಮಾತಾಡ್ತಿದ್ದೆಯಂತೆ, ಆಮೇಲೆ ಅದೂ ನಿಂತೋಯ್ತಂತೆ. ಯುಗಾದಿಗೆ ಬಂದಾಗ ಮಗನ ಹೆಸರೇ ನಿನ್ನ ಬಾಯಿಗೆ ಬರ್ಲಿಲ್ವಂತೆ. ನಾನು ನಂಬ್ಲಿಲ್ಲ. ಸಂತೇನೆಲ್ಲ ನಗಿಸ್ತಿದ್ದೋನು ನೀನು! ಯಾರೋ ಡಾಕ್ಟ್ರು, ಮನುಷ್ಯರ ಮಾತು ಕಿವಿಗೆ ಬೀಳ್ದಿದ್ರೆ ಮಿದುಳು ಸೊರಗೋಗ್ತದಮ್ಮ ಅಂದ್ರಂತೆ. ಡಾಕ್ಟ್ರಿಗೇನು, ಬಾಯಿಗೆ ಬಂದಿದ್ದು ಹೇಳ್ತಾರೆ... ಅಲ್ವಾ? ಏನಾದ್ರೂ ಅನ್ಲಾ!

ಹಂಗೆ ನೋಡ್ಬೇಡ. ಜಯನಗರ ಲೇಔಟಿಗೆ ಅಂತ ನಮ್ಮ ಹೊಲ ಅಳೆಯೋಕೆ ಸರ್ವೆಯೋರು ಬಂದ್ರೆ ಯಾರೂ ಗಡಿಕಲ್ಲು ತೋರಿಸ್ಬಾರ್ದು ಅಂತ ಮಾರಮ್ಮನ ಮುಂದೆ ಊರೆಲ್ಲ ಆಣೆ ಮಾಡಿತ್ತು. ನೀನು ತೋರಿಸ್ದೆ ಅಂದ್ರು. ನಾನೂ ಹೂಂ ಅಂದೆ. ಈಗೇನು? ಎಲ್ಲರ ಹೊಲಾನೂ ಹೋಯ್ತು. ಯಾರು ತೋರಿಸಿದ್ರೇನು?

ನೋಡ್ಬೇಡ ಅಂದೆ ತಾನೆ!

...ಹೂಂ. ನಾನೇ ಕಣ್ಲಾ. ಆ ಇಂಜಿನಿಯರ್ರು "ಬನ್ನಿ ಯಜಮಾನ್ರೇ" ಅಂತ ಜೀಪಿನ ಮುಂದಿನ ಸೀಟಲ್ಲಿ ಕೂರಿಸ್ಕೊಂಡ್ರು. ಹುಟ್ಟಿದಾಗಿಂದ ನನ್ನ ಯಾರು ಹಂಗೆ ಕರೆದಿದ್ರು ಹೇಳು? ಉಬ್ಬೋದೆ. ನಿನ್ನ ಹೊಲದ ಕಲ್ಲಿಂದಾನೇ ಶುರು ಮಾಡ್ದೆ, ಅದಕ್ಕೇ ಊರು ನಿನ್ನ ಹಿಡೀತು. ನಾನು ಬಾಯಿ ಮುಚ್ಕೊಂಡೆ. ನಾಕು ದಿನದ ಮಾತು ಅಂದ್ಕೊಂಡಿದ್ದೆ, ದೇವ್ರಾಣೆ!

ಬಯ್ಯಿ ನನ್ನ. ಒದಿ. ಆ ದೊಣ್ಣೆ ತಗೊಂಡು ಹೊಡಿ, ಕೈ ಅಡ್ಡ ಹಿಡಿಯಲ್ಲ... ಏಯ್, ಏನ್ಲಾ ಇದು? ಯಾಕೆ ಕೈ ಮುಗೀತೀಯ? ಯಾರೋ ಸಾಹೇಬ್ರು ಬಂದವ್ರೆ ಅಂದ್ಕೊಂಡ್ಯಾ? ಇಷ್ಟೊತ್ತು ನಾನು ಹೇಳಿದ್ದು... ಒಟ್ಟಿಗೆ ದನ ಕಾಯ್ದೋರು ಕಣ್ಲಾ ನಾವು. ನಾನ್ಯಾರು ಹೇಳು. ಹೇಳ್ಲಾ...

ಇಳಿಸು. ಕೈ ಇಳಿಸ್ಲಾ... ನಂಗೆ ಮುಗೀಬೇಡ.