ಗೋಡೆಯಾಚೆಯ ನಗು

ಶಿರಾ ಬಸ್ ನಿಲ್ದಾಣದಲ್ಲಿ ಮಧುಗಿರಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಐವತ್ತು ದಾಟಿದ ಇಬ್ಬರು ಹೆಂಗಸರು ಟಿ.ವಿ.ಯ ನಗೆ ಧಾರಾವಾಹಿಯೊಂದರ ಬಗ್ಗೆ ಮಾತಾಡುತ್ತಿದ್ದರು. ಒಂದೇ ಬೀದಿಯ ಮೂರು ಜೋಡಿಗಳ ಜಗಳ, ಸ್ನೇಹ ಅದರ ಕಥೆ.

“ನಿನ್ನೆ ಆ ಗೆಳತೀರಿಬ್ರೂ ಕಿತ್ತಾಡಿ ಒಂದಾಗಿದ್ದು ನೋಡ್ದಾ ಅಶ್ವತ್ಥಮ್ಮ? ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು.”

“ನೋಡ್ದೆ. ಅರ್ಧ ಗಂಟೇಲಿ ಒಂದಾಗ್ಬುಟ್ರು.”

“ಯಾಕೆ, ನಗು ಬರ್ಲಿಲ್ವಾ?”

“ಪಕ್ಕದ್ಮನೆ ರಹಮತ್ ಬಿ ಗ್ಯಾಪಕಕ್ಕೆ ಬಂದ್ಲು.”

“ನಿಮ್ಮಿಬ್ರಿಗೂ ಮಾತಿರ್ಲಿಲ್ವಲ್ಲ?”

“ರಂಜಾನಿಗೆ ಡಬ್ಬಿ ತುಂಬ ಸುರ್ಕುಂಬ ಪಾಯಸ ಕಳ್ಸಿದ್ಲು. ನಾನು ಊರಿಗೆ ಹೊರಟಿದ್ದೆ. ಅವಸರದಲ್ಲಿ ತೊಳೆದು ಖಾಲಿ ಡಬ್ಬಿನೇ ಕೊಟ್ಬುಟ್ಟೆ.”

“ಅಯ್ಯೋ, ಯಾರಾದ್ರೂ ಖಾಲಿ ಕೊಡ್ತಾರಾ? ಒಂದು ಹಿಡಿ ಸಕ್ಕರೆನಾದ್ರೂ ಹಾಕ್ಬಾರ್ದಿತ್ತಾ?”

“ಅವ್ಳು ಏನೂ ಅನ್ನಲಿಲ್ಲ ಕಣೆ, ಮಾತು ಬುಟ್ಲು ಅಷ್ಟೆ. ನಾನೂ ಬಿಗ್ಕಂಡೆ. ಆದ್ರೆ ಈ ಕಾಮಿಡಿ ಅವ್ಳೂ ನೋಡೋಳು. ಎರಡು ಮನೆಗೂ ಒಂದೇ ಗೋಡೆ. ನಗು ಬರೋ ಕಡೆ ನಾನು ಸೌಂಡ್ ಕಮ್ಮಿ ಮಾಡಿದ್ರೆ ಅವ್ಳು ನಗೋದು ಕೇಳೋದು. ಆಮೇಲೆ ನಾನು ನಗ್ತಿದ್ದೆ, ಅವ್ಳಿಗೆ ಕೇಳ್ಲಿ ಅಂತ.”

“ಅಂಗಿದ್ಮೇಲೆ ಹೋಗಿ ಮಾತಾಡ್ಸೋದಲ್ವಾ?”

“ನಾಳೆ ಹೋದ್ರಾಯ್ತು, ನಾಳೆ ಹೋದ್ರಾಯ್ತು ಅಂತಿದ್ದೆ. ಹೋದ ತಿಂಗಳು ಮನೆ ಖಾಲಿ ಮಾಡ್ಕಂಡು ಮಗಳ ಊರಿಗೆ ಹೊಂಟೋದ್ಲು. ಈಗ ಅಲ್ಲಿ ಬೀಗ.”

ಗೌಡಗೆರೆ ಬಸ್ಸು ಬಂದು ನಿಂತಿತು. ಇಬ್ಬರೂ ಚೀಲ ಎತ್ತಿಕೊಂಡು ಎದ್ದರು.

“ಅದ್ಕೇ ಈಗ ಆ ಕಾಮಿಡಿ ನೋಡೋಕೆ ಬೇಜಾರಾ?”

“ದಿನಾ ನೋಡ್ತೀನಿ. ನಗು ಬರೋ ಕಡೆ ಸೌಂಡೂ ಕಮ್ಮಿ ಮಾಡ್ತೀನಿ.”